ಚಕ್ರದ ಮೇಲಿನ ಮನೆಗೆ ಸಿಮ್ಮೇ ವಿಳಾಸ

ಭತ್ತ ಕೊಯ್ಯುವ ತಂಡಗಳು, ಕುರಿಗಾಹಿಗಳು, ಗುಳೆ ಹೊರಟ ಸಂಸಾರಗಳು: ರಾಯಚೂರು ಸೀಮೆಯಲ್ಲಿ ವರ್ಷದ ಎಷ್ಟೋ ತಿಂಗಳು ಬಯಲಲ್ಲೇ ಕಳೆಯುವವರಿಗೆ ಟಿವಿ ಎಲ್ಲಿಂದ ಬರುತ್ತದೆ, ಇಂಟರ್ನೆಟ್ ಎಲ್ಲಿ ಸಿಗುತ್ತದೆ?

ಡಿಸೆಂಬರ್ ಹತ್ತಿರ ಬಂತೆಂದರೆ ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಮನೆಗಳು ಓಡಾಡತೊಡಗುತ್ತವೆ. ಮಾನ್ವಿ, ಸಿಂಧನೂರು ಕಡೆಗೆ ಭತ್ತ ಕೊಯ್ಯುವ ಯಂತ್ರ ಹೊತ್ತ ಲಾರಿಗಳು ಬರುತ್ತವೆ. ಅವುಗಳ ಜೊತೆ ಬರುವ ಹುಡುಗರಿಗೆ ಹಂಗಾಮು ಮುಗಿಯುವವರೆಗೆ ಲಾರಿಯೇ ಮಲಗುವ ಕೋಣೆ, ಪಕ್ಕದಲ್ಲಿ ಇಳಿಬಿಟ್ಟ ತಾಡಪತ್ರಿಯೇ ಅಡುಗೆಮನೆ. ಯಾಪಲದಿನ್ನಿ ಸುತ್ತಿನ ಹತ್ತಿ, ತೊಗರಿ ಹೊಲಗಳ ಬದುವಿನಲ್ಲಿ ಕುರಿಹಿಂಡು ಸಾಗುತ್ತದೆ; ಹಿಂದೆ ಕತ್ತೆಯ ಬೆನ್ನ ಮೇಲೆ ಬಲೆ, ಪಾತ್ರೆ, ಕಂಬಳಿ, ಅದರ ನಡುವೆ ತಲೆ ಹೊರಹಾಕಿದ ಎಳೆಯ ಮರಿ. ದೇವದುರ್ಗದ ಕಡೆಯಿಂದ ಕ್ರೂಸರ್ ನೆತ್ತಿಗೆ ಜೋಳದ ಚೀಲ, ಹಾಸಿಗೆ ಸುರುಳಿ ಕಟ್ಟಿಕೊಂಡು ಬೆಂಗಳೂರು, ಪುಣೆಗೆ ಗುಳೆ ಹೊರಟವರು. ಇವರೆಲ್ಲರ ಸಾಮಾನಿನಲ್ಲೂ ಇರುವ ಒಂದೇ ವಸ್ತು ಮೊಬೈಲ್ ಚಾರ್ಜರ್.

ಅಮೆರಿಕದಲ್ಲಿ ವಾಹನದೊಳಗೇ ಮನೆ ಕಟ್ಟಿಕೊಂಡು ವರ್ಷವಿಡೀ ತಿರುಗುವ ಒಂದು ವರ್ಗವಿದೆ. ಆ ವಾಹನಕ್ಕೆ ಆರ್‌ವಿ ಎನ್ನುತ್ತಾರೆ. ಮಂಚ, ಒಲೆ, ಶೌಚಾಲಯ ಎಲ್ಲವೂ ಅದರೊಳಗೇ. ನಿಂತ ಕೂಡಲೇ ತಾನೇ ಉಪಗ್ರಹವನ್ನು ಹುಡುಕಿಕೊಳ್ಳುವ ಡಿಶ್ ಹಲವು ಆರ್‌ವಿಗಳ ಚಾವಣಿಯ ಮೇಲಿರುತ್ತದೆ. ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿ 2022ರಲ್ಲಿ ಇಂಥ ವಾಹನಗಳಿಗೆಂದೇ ಬೇರೆ ಯೋಜನೆ ತಂದಿತು. ನಮ್ಮಲ್ಲೂ ಟೆಂಪೊ ಟ್ರಾವೆಲರ್‌ಗೆ ಹಾಸಿಗೆ, ಸಿಂಕು ಹಾಕಿಸಿ ಊರು ಸುತ್ತುವವರಿದ್ದಾರೆ. ಅವರ ವಿಡಿಯೊಗಳಿಗೆ ಲಕ್ಷಗಟ್ಟಲೆ ನೋಡುಗರೂ ಇದ್ದಾರೆ. ಅವರಿಗೆ ಅದು ಆಯ್ಕೆ. ನಮ್ಮ ಬಯಲುಸೀಮೆಯ ತಿರುಗಾಟ ಹೊಟ್ಟೆಪಾಡು. ಆದರೂ ಎರಡೂ ಕಡೆಯವರಿಗೆ ಎದುರಾಗುವ ಪ್ರಶ್ನೆ ಒಂದೇ: ಕೇಬಲ್ಲು, ಫೈಬರ್ರು, ಟವರ್ರು ಎಲ್ಲವೂ ಮನೆ ಒಂದೇ ಕಡೆ ನಿಂತಿರುತ್ತದೆ ಎಂದುಕೊಂಡು ಹಾಕಿದವು. ಮನೆಯೇ ಜಾಗ ಬದಲಿಸಿದರೆ ಏನು ಮಾಡಬೇಕು?

ಪಶ್ಚಿಮಕ್ಕೆ ಮುಖ ಮಾಡಿದ್ದ ಜಾಲರಿ

ಆಕಾಶದಿಂದ ನೇರವಾಗಿ ಟಿವಿ ಹಿಡಿಯುವುದು ರಾಯಚೂರಿಗೆ ಹೊಸತಲ್ಲ. ದೇಶದ ಬಹುಪಾಲು ನಗರಗಳು ಟಿವಿ ಕಾಣುವ ಮೊದಲೇ ಈ ಜಿಲ್ಲೆಯ ಹಳ್ಳಿಗಳು ಉಪಗ್ರಹದ ಟಿವಿ ಕಂಡಿದ್ದವು.

1975ರ ಆಗಸ್ಟ್ 1ರಂದು ಇಸ್ರೊ ಮತ್ತು ಅಮೆರಿಕದ ನಾಸಾ ಸೇರಿ ಒಂದು ಪ್ರಯೋಗ ಶುರುಮಾಡಿದವು. ಉಪಗ್ರಹದ ಮೂಲಕ ಟಿವಿ ಶಿಕ್ಷಣ ಕೊಡುವ ಇದನ್ನು ಚುಟುಕಾಗಿ ಸೈಟ್ ಎಂದು ಕರೆದರು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತ ಎರವಲು ಪಡೆದಿತ್ತು. ಆರು ರಾಜ್ಯಗಳ 20 ಜಿಲ್ಲೆಗಳಿಂದ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದ ಪಾಲಿಗೆ ಬಂದವು ವಿಜಾಪುರ, ಗುಲಬರ್ಗಾ ಮತ್ತು ರಾಯಚೂರು. ಗಡಿಯಾಚೆಗಿನ ಮಹಬೂಬನಗರ, ಕರ್ನೂಲು ಜಿಲ್ಲೆಗಳೂ ಪಟ್ಟಿಯಲ್ಲಿದ್ದವು. ಹಿಂದುಳಿದಿರುವಿಕೆಯೇ ಆಗ ಆಯ್ಕೆಯ ಅರ್ಹತೆಯಾಗಿತ್ತು. ಈ ಸೀಮೆಗೆ ಹಿಂದುಳಿದಿದ್ದರಿಂದ ಲಾಭವಾದ ಅಪರೂಪದ ಪ್ರಸಂಗ ಅದು.

ಶಾಲೆಯ ಅಥವಾ ಪಂಚಾಯಿತಿಯ ಕಟ್ಟಡದ ಬಳಿ ಮೂರು ಮೀಟರ್ ಅಗಲದ ಡಿಶ್ ನಿಲ್ಲಿಸುತ್ತಿದ್ದರು. ಅದಕ್ಕೆ ಬಳಸಿದ್ದು ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿ. ಅಗ್ಗ, ಹಗುರ, ಗಾಳಿಗೂ ತಡೆಯುತ್ತಿತ್ತು. ಕರೆಂಟ್ ಇಲ್ಲದ ಕೆಲವು ಊರುಗಳಲ್ಲಿ ಸೆಟ್ ನಡೆದದ್ದು ಬ್ಯಾಟರಿಯಿಂದ. ದಿನಕ್ಕೆ ನಾಲ್ಕು ತಾಸು ಪ್ರಸಾರ: ಬೆಳಗ್ಗೆ ಮಕ್ಕಳ ಪಾಠ, ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು-ಕುಣಿತ. ಕನ್ನಡದ ಮತ್ತು ತೆಲುಗಿನ ಕಾರ್ಯಕ್ರಮಗಳು ಎರಡೂ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ರಾಯಚೂರಿಗೆ ಅದೇನೂ ದೂರದ ಊರಾಗಿರಲಿಲ್ಲ.

ಎಟಿಎಸ್-6 ನಿಂತಿದ್ದು ಆಫ್ರಿಕಾದ ಮೇಲೆ, ಪೂರ್ವ ರೇಖಾಂಶ 35 ಡಿಗ್ರಿಯಲ್ಲಿ. ಹಾಗಾಗಿ ರಾಯಚೂರಿನ ಜಾಲರಿಗಳೆಲ್ಲ ಪಶ್ಚಿಮದತ್ತ ವಾಲಿಕೊಂಡಿದ್ದವು. 1976ರ ಜುಲೈ 31ಕ್ಕೆ ವರ್ಷ ತುಂಬಿತು, ಉಪಗ್ರಹವನ್ನು ಅಮೆರಿಕ ವಾಪಸು ಕರೆಸಿಕೊಂಡಿತು, ಪರದೆ ಖಾಲಿಯಾಯಿತು. ಆ ಕೊರತೆ ತುಂಬಲು 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಟಿವಿಯ ಮಟ್ಟಿಗೆ ಕಲ್ಯಾಣ ಕರ್ನಾಟಕವೇ ರಾಜಧಾನಿಗಿಂತ ನಾಲ್ಕು ವರ್ಷ ಹಿರಿದು.

ಆ ಪ್ರಯೋಗ ತೋರಿಸಿಕೊಟ್ಟ ಒಂದು ಸಂಗತಿ ಇವತ್ತಿನ ಬಯಲುವಾಸಿಗೂ ಸಲ್ಲುತ್ತದೆ. ಉಪಗ್ರಹ ವಿಳಾಸ ಕೇಳುವುದಿಲ್ಲ. ಊರಿನ ಜನಸಂಖ್ಯೆ ಎಷ್ಟು, ರಸ್ತೆ ಇದೆಯೇ, ಹೂಡಿದ ಹಣ ಹುಟ್ಟುತ್ತದೆಯೇ ಎಂಬ ಲೆಕ್ಕ ಟವರಿಗೆ ಬೇಕು. ಉಪಗ್ರಹದ ಬೆಳಕು ಹೊಲದ ಮೇಲೂ ಬೀಳುತ್ತದೆ, ಹಳ್ಳದ ದಂಡೆಯ ಮೇಲೂ ಬೀಳುತ್ತದೆ.

ಆಗ್ನೇಯ ಮೂಲೆಯ ಟಿವಿ

ಮೂರು ಮೀಟರಿನ ಜಾಲರಿ ಈಗ ಎರಡು ಅಡಿಯ ತಟ್ಟೆಯಾಗಿದೆ. ಗಾರೆ ಕೆಲಸದ ಶೆಡ್ಡುಗಳ ಸಾಲಿನಲ್ಲಿ, ಇಟ್ಟಿಗೆ ಭಟ್ಟಿಯ ಗುಡಿಸಲ ಮಗ್ಗುಲಲ್ಲಿ, ತಗಡಿನ ಮೇಲೆ ಕಲ್ಲು ಹೇರಿ ನಿಲ್ಲಿಸಿದ ಡಿಶ್ ಕಾಣದ ಜಾಗ ಕಡಿಮೆ. ಅದರಲ್ಲಿ ದೊಡ್ಡ ಪಾಲು ದೂರದರ್ಶನದ ಡಿಡಿ ಫ್ರೀ ಡಿಶ್‌ನದು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ 33 ಚಾನೆಲ್‌ಗಳೊಂದಿಗೆ ಶುರುವಾದ ಸೇವೆ ಇದು. ತಟ್ಟೆಗೂ ಪೆಟ್ಟಿಗೆಗೂ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿ ಇದು ಇದೆ ಎಂಬುದು ಉದ್ಯಮದ ಅಂದಾಜು.

ತಿರುಗುವವರಿಗೆ ತಿಂಗಳ ಬಾಡಿಗೆ ಇಲ್ಲದಿರುವುದು ದೊಡ್ಡ ಸಂಗತಿ. ಊರಿಗೆ ಹೋದಾಗ ಎರಡು ತಿಂಗಳು ಪೆಟ್ಟಿಗೆ ಚೀಲದೊಳಗೇ ಇದ್ದರೂ ನಷ್ಟವಿಲ್ಲ. ಖಾಸಗಿ ಡಿಟಿಎಚ್‌ನಲ್ಲಿ ನೋಡಿದರೂ ಬಿಟ್ಟರೂ ಗಡಿಯಾರ ಓಡುತ್ತಿರುತ್ತದೆ. ಕೊರತೆಯೂ ಇದೆ. ಫ್ರೀ ಡಿಶ್‌ನಲ್ಲಿ ಹಿಂದಿ ಚಾನೆಲ್‌ಗಳದೇ ಅಬ್ಬರ. ಕನ್ನಡಕ್ಕೆ ಚಂದನವೇ ಮುಖ್ಯ ಆಸರೆ. ಸಂಜೆಯ ಧಾರಾವಾಹಿ ತಪ್ಪಬಾರದು ಎನ್ನುವ ಮನೆಯವರು ಸನ್ ಡೈರೆಕ್ಟ್, ಟಾಟಾ ಪ್ಲೇ, ಏರ್‌ಟೆಲ್ ಎಂದು ದುಡ್ಡು ಕೊಡುವ ದಾರಿಗೇ ಹೋಗಬೇಕು.

ಕ್ರಿಕೆಟ್ ವಿಷಯದಲ್ಲಿ ಮಾತ್ರ ಗುಡಾರದವರದೇ ಮೇಲುಗೈ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಖಾಸಗಿ ವಾಹಿನಿಗಳು ದೂರದರ್ಶನದೊಂದಿಗೆ ಹಂಚಿಕೊಳ್ಳಬೇಕು ಎಂದು 2007ರ ಕಾಯ್ದೆ ಹೇಳುತ್ತದೆ. ಹಾಗೆ ಹಂಚಿಕೊಂಡದ್ದನ್ನು ದೂರದರ್ಶನ ತನ್ನ ಟ್ರಾನ್ಸ್‌ಮಿಟರ್‌ಗಳಲ್ಲಿ ಮತ್ತು ತನ್ನದೇ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹೀಗಾಗಿ ಊರೊಳಗಿನ ಕೇಬಲ್ ಮನೆಯಲ್ಲಿ ಡಿಡಿ ಸ್ಪೋರ್ಟ್ಸ್ ಹಾಕಿದರೂ ಕಾಣದ ಭಾರತದ ಪಂದ್ಯ, ಊರ ಹೊರಗಿನ ತಗಡಿನ ಶೆಡ್ಡಿನಲ್ಲಿ ಪುಕ್ಕಟೆ ಕಾಣುವುದುಂಟು.

ಇನ್ನು ದಿಕ್ಕಿನ ಮಾತು. ಫ್ರೀ ಡಿಶ್ ಮತ್ತು ಸನ್ ಡೈರೆಕ್ಟ್ ಎರಡೂ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದ ತಾಣದಿಂದ. ರಾಯಚೂರಿನಿಂದ ಲೆಕ್ಕ ಹಾಕಿದರೆ ಅದು ಹೆಚ್ಚುಕಡಿಮೆ ನೇರ ಆಗ್ನೇಯ. ನೆಲದಿಂದ ಸುಮಾರು 63 ಡಿಗ್ರಿ ಎತ್ತರ. ಅಂದರೆ ವಾಸ್ತುವಿನವರು ಒಲೆ ಹೂಡುವ ಮೂಲೆಗೇ ಟಿವಿಯ ಮುಖ. ಏರ್‌ಟೆಲ್‌ನ ಉಪಗ್ರಹ 108.2 ಡಿಗ್ರಿಯಲ್ಲಿರುವುದರಿಂದ ಅದರ ಡಿಶ್ ಇನ್ನಷ್ಟು ಪೂರ್ವಕ್ಕೆ ತಿರುಗಿ, ಸ್ವಲ್ಪ ತಲೆ ತಗ್ಗಿಸಬೇಕು. ಟಾಟಾ ಪ್ಲೇ 83 ಡಿಗ್ರಿಯಲ್ಲಿದೆ, ಅದಕ್ಕೆ ದಕ್ಷಿಣವೇ ಹತ್ತಿರ.

ರಾಯಚೂರಿನಿಂದ ಮಾನ್ವಿಗೆ ಹೋದರೆ ಈ ಕೋನ ಬದಲಾಗಿದ್ದು ಗೊತ್ತೇ ಆಗುವುದಿಲ್ಲ. ಬೆಂಗಳೂರಿಗೆ ಗುಳೆ ಹೋದವರು ತಟ್ಟೆಯನ್ನು ಆರು ಡಿಗ್ರಿಯಷ್ಟು ಪೂರ್ವಕ್ಕೆ ತಿರುಗಿಸಿ, ಮೂರು ಡಿಗ್ರಿ ಮೇಲೆತ್ತಬೇಕು. ಪುಣೆಗೆ ಹೋದವರು ನಾಲ್ಕೈದು ಡಿಗ್ರಿ ಇಳಿಸಬೇಕು. ಎರಡು ಅಡಿಯ ತಟ್ಟೆ ಎರಡು ಡಿಗ್ರಿ ತಪ್ಪಿದರೂ ಚಿತ್ರ ಚೂರುಚೂರು. ಇದನ್ನೆಲ್ಲ ಕೋನಮಾಪಕ ಹಿಡಿದು ಯಾರೂ ಮಾಡುವುದಿಲ್ಲ. ಒಬ್ಬ ಮೇಲೆ ಹತ್ತಿ ತಟ್ಟೆ ತಿರುವುತ್ತಾನೆ, ಒಳಗಿನಿಂದ ಮನೆಯಾಕೆ ಕೂಗುತ್ತಾಳೆ: "ಬಂತು... ಹೋತು... ಇನ್ನ ತುಸು ಈ ಕಡಿ ತಿರುವ್ರಿ... ಹಾಂ, ಬಿಡ್ರಿ, ಬಿಡ್ರಿ!" ಪೆಟ್ಟಿಗೆಯ ಮೆನುವಿನಲ್ಲಿ ಸಿಗ್ನಲ್ ಪಟ್ಟಿ ತೋರಿಸುವ ಪುಟವಿದೆ; ಅದನ್ನು ತೆರೆದಿಟ್ಟುಕೊಂಡರೆ ಅರ್ಧ ಕೂಗಾಟ ಉಳಿಯುತ್ತದೆ.

ಕರೆಂಟಿನ ಲೆಕ್ಕವೂ ಜನಕ್ಕೆ ಬಾಯಿಪಾಠ. 24 ಇಂಚಿನ ಎಲ್‌ಇಡಿ ಟಿವಿಗೆ 25ರಿಂದ 30 ವಾಟ್, ಪೆಟ್ಟಿಗೆಗೆ ಹತ್ತು ವಾಟ್ ಹಿಡಿಯೋಣ. ಸಂಜೆ ಮೂರು ತಾಸು ನೋಡಿದರೆ ನೂರು, ನೂರಿಪ್ಪತ್ತು ವಾಟ್-ಅವರ್. 12 ವೋಲ್ಟಿನ 20 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 240. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಸೀಸದ ಬ್ಯಾಟರಿ ಬೇಗ ಕೆಡುತ್ತದೆ. 50 ವಾಟಿನ ಸೋಲಾರ್ ಹಲಗೆ ರಾಯಚೂರಿನ ಬಿಸಿಲಿಗೆ ಒಂದು ಹಗಲಲ್ಲಿ ಆ ಅರ್ಧವನ್ನು ತುಂಬಿ ಇನ್ನೆರಡು ಮೊಬೈಲಿಗೂ ಉಳಿಸುತ್ತದೆ. ಬೇಸಿಗೆಯಲ್ಲಿ ಮೈ ಸುಡುವ ಇಲ್ಲಿನ ಬಿಸಿಲು ಗುಡಾರದವರಿಗೆ ಹೀಗೊಂದು ಬಗೆಯಲ್ಲಿ ಋಣ ತೀರಿಸುತ್ತದೆ.

ಎರಡು ರಾಜ್ಯದ ಟವರ್, ಒಂದೇ ಹೊಲ

ಟಿವಿ ಆಕಾಶದಿಂದ ಬಂತು. ಇಂಟರ್ನೆಟ್ ಬರಬೇಕಾದದ್ದು ಟವರಿನಿಂದ. ಇಲ್ಲಿಂದ ಕಥೆ ತೊಡಕಾಗುತ್ತದೆ.

ಯಾಪಲದಿನ್ನಿ ತೆಲಂಗಾಣದ ಗಡಿಗೆ ಹತ್ತಿರದ ಹೋಬಳಿ ಊರು. ಇಲ್ಲಿನವರಿಗೆ ಕನ್ನಡದಷ್ಟೇ ತೆಲುಗೂ ಬಾಯಿಗೆ ಬರುತ್ತದೆ. ಸಂತೆ, ಬೀಗತನ, ಕೂಲಿ ಎಲ್ಲವೂ ಗಡಿ ದಾಟುತ್ತವೆ. ರೇಡಿಯೊ ತರಂಗಕ್ಕೂ ಗಡಿಕಲ್ಲು ಕಾಣುವುದಿಲ್ಲ. ಯಾವ ಟವರಿನ ಸಿಗ್ನಲ್ ಗಟ್ಟಿಯಾಗಿದೆಯೋ ಮೊಬೈಲ್ ಅದನ್ನೇ ಹಿಡಿಯುತ್ತದೆ. ಹೊಲದ ಈ ತುದಿಯಲ್ಲಿ ಕರ್ನಾಟಕ ವೃತ್ತ, ಆ ತುದಿಯಲ್ಲಿ ಆಂಧ್ರ ವೃತ್ತ. ರಾಜ್ಯ ಎರಡಾದರೂ ಟೆಲಿಕಾಂ ಲೆಕ್ಕದಲ್ಲಿ ತೆಲಂಗಾಣ ಇನ್ನೂ ಆಂಧ್ರ ವೃತ್ತದಲ್ಲೇ ಇದೆ.

ಹಿಂದೆ ಇದರಿಂದ ಜೇಬಿಗೇ ಕತ್ತರಿ ಬೀಳುತ್ತಿತ್ತು. ಗಡಿಯಾಚೆಯ ಟವರ್ ಹಿಡಿದರೆ ರೋಮಿಂಗ್. ಬಂದ ಕರೆಗೂ ದುಡ್ಡು. ಕುರಿ ಕಾಯುವವನು ಹೊಲದ ಬದು ದಾಟಿದ ತಪ್ಪಿಗೆ ಬ್ಯಾಲೆನ್ಸ್ ಕಳೆದುಕೊಳ್ಳುತ್ತಿದ್ದ. ಗುಳೆ ಹೋದವರು ಪುಣೆಯಲ್ಲೊಂದು ಸಿಮ್, ಊರಿಗೊಂದು ಸಿಮ್ ಇಟ್ಟುಕೊಂಡು ಬ್ಯಾಟರಿ ಬಿಚ್ಚಿ ಬದಲಿಸುತ್ತಿದ್ದರು. 2015ರ ಜುಲೈನಿಂದ ದೇಶದ ಯಾವ ಮೂಲೆಗೆ ಹೋದರೂ ಅದೇ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ರೋಮಿಂಗ್ ಶುಲ್ಕವಿಲ್ಲದೆ ಬಂದಮೇಲೆ ಉಳಿದವರೂ ಮಣಿದರು. ಬಡವನ ತಿರುಗಾಟದ ಮೇಲೆ ಹಾಕಿದ್ದ ತೆರಿಗೆಯೊಂದು ಹೀಗೆ ಸದ್ದಿಲ್ಲದೆ ರದ್ದಾಯಿತು. ಡೇಟಾ ಅಗ್ಗವಾದದ್ದರ ಬಗ್ಗೆ ಎಲ್ಲರೂ ಬರೆದರು. ಗುಳೆ ಹೋಗುವವರಿಗೆ ದೊಡ್ಡದಾಗಿದ್ದದ್ದು ರೋಮಿಂಗ್ ಶುಲ್ಕ ಹೋದದ್ದು.

ಶುಲ್ಕ ಹೋದರೂ ಗಡಿಯ ಗೋಜಲು ಪೂರ್ತಿ ಹೋಗಿಲ್ಲ. ತುರ್ತು ಕರೆ ಯಾವ ರಾಜ್ಯದ ನಿಯಂತ್ರಣ ಕೊಠಡಿಗೆ ಇಳಿಯಬೇಕು ಎಂಬುದು ಆ ಹೊತ್ತಿಗೆ ಫೋನ್ ಯಾವ ಟವರ್ ಹಿಡಿದಿದೆ ಎಂಬುದರ ಮೇಲೆ ನಿಂತಿದೆ. ಗಡಿಯ ಹೊಲದಿಂದ 112 ಒತ್ತುವವರು ಮೊದಲು ತಾಲ್ಲೂಕು, ಜಿಲ್ಲೆ, ರಾಜ್ಯದ ಹೆಸರು ಹೇಳಿ, ಆಮೇಲೆ ಏನಾಯಿತೆಂದು ಹೇಳುವುದು ಒಳ್ಳೆಯದು.

ಸಿಗ್ನಲ್ ಸಿಗದಿದ್ದರೆ ಬೂಸ್ಟರ್ ಹಾಕಿಸಿಕೊಳ್ಳಿ ಎಂದು ಹೇಳುವವರು ಎಲ್ಲ ಕಡೆ ಇದ್ದಾರೆ. ಅಮೆರಿಕದ ಆರ್‌ವಿಗಳಲ್ಲಿ ಅದು ಮಾಮೂಲು ಸಾಮಾನು. ನಮ್ಮಲ್ಲಿ ಖಾಸಗಿಯವರು ಪರವಾನಗಿ ಇಲ್ಲದೆ ಬೂಸ್ಟರ್ ಇಟ್ಟುಕೊಳ್ಳುವುದು ಕಾನೂನುಬಾಹಿರ. ಒಬ್ಬರ ಬೂಸ್ಟರ್ ಸುತ್ತಲಿನ ಹತ್ತಾರು ಜನರ ಕರೆಯನ್ನು ಹಾಳುಮಾಡಬಲ್ಲದು. ಬಯಲುಸೀಮೆಯವರ ಬೂಸ್ಟರ್ ಬೇರೆಯೇ ಇದೆ: ಬಂಡೆ, ಕಾಲುವೆಯ ಏರಿ, ನಿಂತ ಟ್ರ್ಯಾಕ್ಟರಿನ ನೆತ್ತಿ. ಗುಡಾರದೊಳಗೆ "ನೆಟ್ ಬರವಲ್ದು" ಎಂದು ಗೊಣಗುವ ಹುಡುಗ ಏರಿ ಹತ್ತಿದರೆ ವಿಡಿಯೊ ಕಾಲ್‌ನಲ್ಲಿ ನಗುತ್ತಿರುತ್ತಾನೆ. ನೆಲ ಸಪಾಟಾಗಿರುವುದರಿಂದ ಹತ್ತು ಅಡಿ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಕಾರ್ಡಿನೊಳಗಿನ ಸಿನಿಮಾ

ಏರಿಯೂ ಇಲ್ಲದ ಕಡೆ ಇನ್ನೊಂದು ಉಪಾಯವಿದೆ. ಇಂಟರ್ನೆಟ್ ಅಗ್ಗವಾಗುವ ಮೊದಲು ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಗಳ ಅರ್ಧ ವ್ಯಾಪಾರ ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಡುವುದೇ ಆಗಿತ್ತು. ಸಂತೆಗೆ ಬಂದವರು ಕಾರ್ಡ್ ಕೊಟ್ಟು, ಭಜನೆ ಪದ, ಜಾನಪದ ಹಾಡು, ಬಯಲಾಟ, ಒಂದೆರಡು ಸಿನಿಮಾ ತುಂಬಿಸಿಕೊಂಡು ಹೋಗುತ್ತಿದ್ದರು. ಕುರಿಗಾಹಿಯ ಕೊರಳಲ್ಲಿ ತೂಗುವ ಚಿಕ್ಕ ಸ್ಪೀಕರ್, ಟ್ರ್ಯಾಕ್ಟರಿನ ಸೌಂಡ್ ಬಾಕ್ಸು ಈಗಲೂ ಅದನ್ನೇ ನಂಬಿವೆ. ಕಾರ್ಡಿಗೆ ಟವರ್ ಬೇಡ, ರೀಚಾರ್ಜ್ ಬೇಡ.

ಇವತ್ತು ಆ ಕೆಲಸವನ್ನು ಜನ ತಾವೇ ಮಾಡಿಕೊಳ್ಳುತ್ತಾರೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಉಳಿದದ್ದು ಮಧ್ಯರಾತ್ರಿಗೆ ಬತ್ತಿಹೋಗುತ್ತದೆ. ಊರ ಸಮೀಪ ತಂಗಿದ ರಾತ್ರಿ ಆ ಉಳಿಕೆಯಲ್ಲಿ ಸಿನಿಮಾ ಇಳಿಸಿಟ್ಟುಕೊಂಡರೆ ಮುಂದಿನ ನಾಲ್ಕು ದಿನ ಟವರಿಲ್ಲದ ಹೊಲದಲ್ಲಿ ಹೊತ್ತು ಹೋಗುತ್ತದೆ. ಹಗಲುವೇಷದವರು, ಬುರ್ರಕಥೆಯವರು, ಟೂರಿಂಗ್ ಟಾಕೀಸಿನವರು ಒಂದು ಕಾಲಕ್ಕೆ ಈ ಸೀಮೆಯಲ್ಲಿ ಆಟವನ್ನು ಊರಿಂದೂರಿಗೆ ಹೊತ್ತು ತರುತ್ತಿದ್ದರು. ಈಗ ತಿರುಗುವವನೇ ಆಟವನ್ನು ಜೇಬಿನಲ್ಲಿಟ್ಟುಕೊಂಡಿದ್ದಾನೆ.

ಮನರಂಜನೆ ಮುಗಿದು ಬದುಕು ಶುರುವಾಗುವಲ್ಲಿ

ಟಿವಿ ಕಾಣದಿದ್ದರೆ ಬೇಸರವಷ್ಟೇ. ಇಂಟರ್ನೆಟ್ ಇಲ್ಲದಿದ್ದರೆ ಈಗ ಕೂಲಿ ತಪ್ಪುತ್ತದೆ, ಅಕ್ಕಿ ತಪ್ಪುತ್ತದೆ, ಒಮ್ಮೊಮ್ಮೆ ಜೀವವೂ ಹೋಗುತ್ತದೆ.

ಜೀವದ ಮಾತಿನಿಂದಲೇ ಹಿಡಿಯೋಣ. ಮುಂಗಾರಿಗೆ ಮುನ್ನ, ಏಪ್ರಿಲ್-ಮೇ ತಿಂಗಳಲ್ಲಿ ಈ ಭಾಗದ ಪತ್ರಿಕೆಗಳಲ್ಲಿ ಸಿಡಿಲು ಬಡಿದು ಕುರಿಗಾಹಿ ಸತ್ತ ಸುದ್ದಿ ಇಲ್ಲದ ವರ್ಷವಿಲ್ಲ. ಬಯಲಲ್ಲಿ ಅತಿ ಎತ್ತರದ ವಸ್ತುವೆಂದರೆ ಆತನೇ. ಮಳೆ ಬಂತೆಂದು ಒಂಟಿ ಮರದಡಿ ನಿಂತರೆ ಅಪಾಯ ಇನ್ನೂ ಹೆಚ್ಚು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ಇಪ್ಪತ್ತು, ನಲವತ್ತು ಕಿಲೊಮೀಟರ್ ವ್ಯಾಪ್ತಿಯಲ್ಲಿ ಸಿಡಿಲಿನ ಸೂಚನೆ ಕೊಡುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದೂ 'ಸಿಡಿಲು' ಎಂಬ ಆ್ಯಪ್ ಇದೆ. ಆದರೆ ಎಚ್ಚರಿಕೆ ತಲುಪಲು ಆ ಕ್ಷಣದಲ್ಲಿ ಡೇಟಾ ಬೇಕು, ಬ್ಯಾಟರಿ ಬೇಕು, ಸ್ಮಾರ್ಟ್‌ಫೋನ್ ಬೇಕು. ಹಿಂಡಿನ ಹಿಂದಿರುವ ಹಿರಿಯನ ಕೈಯಲ್ಲಿರುವುದು ಬಹಳ ಸಲ ಬಟನ್ ಫೋನು. ಕುರಿ ಕಾಯಿಲೆ ಬಿದ್ದರೆ 1962ಕ್ಕೆ ಕರೆ ಮಾಡಿ ಪಶು ಸಂಚಾರಿ ಚಿಕಿತ್ಸಾ ವಾಹನ ಕರೆಸಬಹುದು. ಅದಕ್ಕೆ ಬಟನ್ ಫೋನೂ ಸಾಕು. ತಾನು ಎಲ್ಲಿದ್ದೇನೆ ಎಂದು ಹೇಳುವುದೇ ಕಷ್ಟ. ಇವತ್ತು ಈ ಹೊಲದಲ್ಲಿ ಹಟ್ಟಿ, ನಾಳೆ ಇನ್ನೊಬ್ಬರ ಹೊಲದಲ್ಲಿ.

ಇನ್ನು ಗುಳೆ ಹೋದವರು. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಗೆ ಕರ್ನಾಟಕ 2020ರ ಜನವರಿ 1ರಂದು ಸೇರಿತು. ದೇವದುರ್ಗದ ಚೀಟಿಗೆ ಪುಣೆಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಸಿಗುತ್ತದೆ; ಅಂಗಡಿಯ ಯಂತ್ರಕ್ಕೆ ನೆಟ್ ಇದ್ದು, ಹೆಬ್ಬೆಟ್ಟು ಹೊಂದಿದರೆ. ಊರಲ್ಲೇ ಉಳಿದು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋಣ ಎಂದವರಿಗೂ 2023ರ ಜನವರಿಯಿಂದ ಆ್ಯಪ್‌ನಲ್ಲಿ ಫೋಟೊ ಹಾಜರಿ ಕಡ್ಡಾಯವಾಯಿತು. ಕೆರೆಯಂಗಳದಲ್ಲಿ ಟವರ್ ಸಿಗದ ದಿನ ಹೂಳೆತ್ತಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬರುತ್ತಿದೆ. ಬಂತೋ ಇಲ್ಲವೋ ಎಂದು ತಿಳಿಯುವುದು ಮೆಸೇಜಿನಿಂದ. ಬ್ಯಾಂಕು, ಆಧಾರ್, ಫೋನ್‌ಪೆ ಎಲ್ಲದರ ಬೀಗದ ಕೈ ಒಂದೇ ನಂಬರಿಗೆ ಬರುವ ಒಟಿಪಿ.

ಆ ನಂಬರೇ ಹೋದರೆ? ತೊಂಬತ್ತು ದಿನ ಯಾವ ಬಳಕೆಯೂ ಇಲ್ಲದೆ, ಖಾತೆಯಲ್ಲಿ ಕನಿಷ್ಠ 20 ರೂಪಾಯಿಯೂ ಇಲ್ಲದಿದ್ದರೆ ಸಿಮ್ ನಿಂತುಹೋಗುತ್ತದೆ. ಮುಂದೆ ಆ ನಂಬರ್ ಬೇರೊಬ್ಬರಿಗೆ ಹಂಚಿಕೆಯಾಗುತ್ತದೆ. ಕೈ ಬರಿದಾಗಿ ಮೂರು ತಿಂಗಳು ರೀಚಾರ್ಜ್ ಮಾಡಿಸದ ಕೂಲಿಯವನಿಗೆ ಅದು ಬರೀ ಫೋನ್ ಕಳೆದುಕೊಂಡಂತಲ್ಲ, ಸರ್ಕಾರದ ಎಲ್ಲ ಕಡತಗಳಿಂದ ಒಮ್ಮೆಗೇ ಮನೆ ಖಾಲಿ ಮಾಡಿಸಿಕೊಂಡಂತೆ. ಹೊಸ ಸಿಮ್ಮಿಗೆ ವಿಳಾಸದ ದಾಖಲೆ ಬೇಕು, ಆನ್‌ಲೈನಿನಲ್ಲಿ ದಾಖಲೆ ತಿದ್ದಲು ಹಳೆಯ ನಂಬರಿಗೆ ಒಟಿಪಿ ಹೋಗುತ್ತದೆ. 2024ರ ಜುಲೈನಲ್ಲಿ ಕಂಪನಿಗಳು ದರ ಏರಿಸಿದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೊಡಲೇಬೇಕು, ವಿಶೇಷ ವೋಚರುಗಳ ಅವಧಿಯನ್ನು 365 ದಿನಗಳವರೆಗೆ ಕೊಡಬಹುದು ಎಂದು ನಿಯಮ ಮಾಡಿತು. ಈ ನಿಯಮವೇ ತಿರುಗುವ ಜನರಿಗೆ ಬಹಳ ಬೇಕಾದದ್ದು. ನಿಂತ ಮನೆಗೆ ಬಾಗಿಲ ಮೇಲೆ ನಂಬರ್ ಇರುತ್ತದೆ, ನಡೆಯುವ ಮನೆಗೆ ಸಿಮ್ಮಿನಲ್ಲಿ.

ನಿಂತರೆ ಊರು, ಸಾಗಿದರೆ ಯಾರೂ ಅಲ್ಲ

ಮಾನ್ವಿ, ಸಿಂಧನೂರು ತಾಲ್ಲೂಕಿನ ನಕಾಶೆ ನೋಡಿದರೆ 'ಕ್ಯಾಂಪ್' ಎಂದು ಕೊನೆಯಾಗುವ ಊರಿನ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ತುಂಗಭದ್ರೆಯ ನೀರು ಎಡದಂಡೆ ಕಾಲುವೆಗೆ ಹರಿದ ಮೇಲೆ ಆಂಧ್ರದ ರೈತರು ಬಂದು ಗುಡಾರ ಹಾಕಿಕೊಂಡ ಜಾಗಗಳು ಅವು. ಸಿಂಧನೂರಿನ ಬಳಿಯ ಆರ್‌ಎಚ್ ಕ್ಯಾಂಪ್‌ಗಳು ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಕೊಟ್ಟ ನೆಲೆ. ಹೆಸರು ಕ್ಯಾಂಪ್ ಆದರೂ ಅವು ಎಂದೋ ಪಕ್ಕಾ ಊರುಗಳಾಗಿವೆ: ಶಾಲೆ, ಗುಡಿ, ಟವರ್, ಚಾವಣಿ ಮೇಲೆ ಡಿಶ್. ಬಂಗಾಳಿ ಚಾನೆಲ್ ನೋಡಲು ಅಲ್ಲಿನವರು ಕೋಲ್ಕತ್ತದ ಹತ್ತಿರ ಇರಬೇಕಿಲ್ಲ. ನಿಂತ ಕ್ಯಾಂಪ್ ದಾಖಲೆಗೆ ಸೇರಿತು, ಸೌಲಭ್ಯ ಹಿಂದೆಯೇ ಬಂತು. ಅದೇ ಕಾಲುವೆಯ ಬದಿಯಲ್ಲಿ ಪ್ರತಿ ಹಂಗಾಮಿಗೂ ಬಂದು ಹೋಗುವ ಕಟಾವಿನ ತಂಡ, ಕುರಿಹಟ್ಟಿ ಯಾವ ದಾಖಲೆಯಲ್ಲೂ ಇಲ್ಲ.

ಸರ್ಕಾರದ ಯೋಜನೆಗಳೂ ಊರನ್ನೇ ಎಣಿಸುತ್ತವೆ. ಭಾರತ್‌ನೆಟ್ ಫೈಬರ್ ಗ್ರಾಮ ಪಂಚಾಯಿತಿ ಕಚೇರಿಯ ಬಾಗಿಲಿಗೆ ಬರುತ್ತದೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ 4ಜಿ ಯೋಜನೆ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳನ್ನು ಗುರುತಿಸಿತು. ಒಳ್ಳೆಯದೇ. ಆದರೆ ಊರಿಗೆ ನೆಟ್‌ವರ್ಕ್ ಬಂದಿದೆ ಎಂದರೆ ಊರ ಮನೆಗಳಿಗೆ ಬಂದಿದೆ ಎಂದರ್ಥ. ಊರಾಚೆ ನಾಲ್ಕು ಕಿಲೊಮೀಟರ್ ದೂರದ ಕಪ್ಪುಮಣ್ಣಿನಲ್ಲಿ ತಂಗಿದವರಿಗಲ್ಲ.

ಹೊಸದೇನನ್ನೂ ಕಂಡುಹಿಡಿಯದೆ ಮಾಡಬಹುದಾದ ಕೆಲಸಗಳಿವೆ. 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯಲ್ಲಿ ಚಹಾ ಅಂಗಡಿಯವರೂ ಪರವಾನಗಿ ಶುಲ್ಕವಿಲ್ಲದೆ ವೈಫೈ ಮಾರಬಹುದು. ರಾಯಚೂರು, ದೇವದುರ್ಗ, ಮಾನ್ವಿಯ ಬಸ್ ನಿಲ್ದಾಣಗಳಲ್ಲಿ, ಎಪಿಎಂಸಿ ಅಂಗಳದಲ್ಲಿ, ಕಾಲುವೆ ಬದಿಯ ದಾಬಾಗಳಲ್ಲಿ ಇಂಥವು ಬಂದರೆ ದಾರಿಹೋಕರಿಗೆ ಕಡಿಮೆ ದುಡ್ಡಿಗೆ ದಿನದ ಕೆಲಸ ಸಾಗುತ್ತದೆ. ಟ್ರಾಯ್ ಸೂಚನೆಯಂತೆ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ನೆಟ್‌ವರ್ಕ್ ನಕಾಶೆ ಹಾಕಬೇಕು. ಕಟಾವಿನ ಹಂಗಾಮಿನಲ್ಲಿ, ಕುರಿ ಸಾಗುವ ದಾರಿಗಳಲ್ಲಿ ಆ ನಕಾಶೆ ನಿಜವೇ ಎಂದು ಜಿಲ್ಲಾಡಳಿತ ಒಮ್ಮೆ ತಾಳೆ ನೋಡಬಹುದು.

ಉಪಗ್ರಹದ ಇಂಟರ್ನೆಟ್ಟೂ ಬಾಗಿಲಲ್ಲಿ ನಿಂತಿದೆ. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ದೊರೆಯಿತು. ಟವರ್ ಬೇಡದ, ವಿಳಾಸಕ್ಕೆ ಅಂಟಿಕೊಳ್ಳದ ಇಂಟರ್ನೆಟ್ ತಾತ್ವಿಕವಾಗಿ ಕುರಿಹಟ್ಟಿಗೇ ಹೇಳಿ ಮಾಡಿಸಿದ್ದು. ಬೆಲೆ ಮಾತ್ರ ಆರ್‌ವಿಯವರಿಗೆ ಹೊಂದುವಂಥದ್ದು ಎಂಬುದು ಬೇರೆ ದೇಶಗಳ ಅನುಭವ. 1975ರಲ್ಲಿ ಉಪಗ್ರಹದ ಡಿಶ್ ಇಡೀ ಊರಿಗೆ ಒಂದಿತ್ತು, ಖರ್ಚು ಸರ್ಕಾರದ್ದಾಗಿತ್ತು. ಹಂಗಾಮಿನ ಕ್ಯಾಂಪಿಗೆ ಒಂದು, ಟೆಂಟ್ ಶಾಲೆಗೆ ಒಂದು ಎಂದು ಅದೇ ದಾರಿ ಹಿಡಿದರೆ ಮಾತ್ರ ಹೊಸ ಉಪಗ್ರಹ ಬಯಲಿನವರ ಪಾಲಿಗೆ ಬಂದೀತು.

ಬಯಲಿಗೆ ಹೊರಡುವ ಮುನ್ನ

* ಮನೆಯಲ್ಲಿ ಎರಡು ಸಿಮ್ ಇದ್ದರೆ ಬೇರೆ ಬೇರೆ ಕಂಪನಿಯವು ಇರಲಿ. ಬ್ಯಾಂಕಿಗೆ ಜೋಡಿಸಿದ ನಂಬರಿಗೆ ಕನಿಷ್ಠ ಪ್ಯಾಕ್ ತಪ್ಪಿಸಬೇಡಿ.
* ಡಿಶ್ ನಿಲ್ಲಿಸುವ ಕಡೆ ಆಗ್ನೇಯಕ್ಕೆ ಬೇವು, ಜಾಲಿ ಮರ ಅಡ್ಡ ಇರಬಾರದು. ಎಲೆ ಕೂಡ ಸಿಗ್ನಲ್ ತಡೆಯುತ್ತದೆ. ದಟ್ಟ ಮಳೆಯಲ್ಲಿ ಚಿತ್ರ ಹೋದರೆ ತಟ್ಟೆ ಮುಟ್ಟಬೇಡಿ, ಮಳೆ ನಿಂತರೆ ತಾನೇ ಬರುತ್ತದೆ.
* ಗುಡುಗು ಶುರುವಾದರೆ ಡಿಶ್‌ನ ವೈರ್ ಪೆಟ್ಟಿಗೆಯಿಂದ ಬಿಚ್ಚಿಡಿ. ಒಂಟಿ ಮರದಡಿ ನಿಲ್ಲಬೇಡಿ.
* ಫೋನಿನ ಜಿಪಿಎಸ್‌ಗೆ ನೆಟ್ ಬೇಡ. ನಕಾಶೆ ಮೊದಲೇ ಇಳಿಸಿಟ್ಟುಕೊಂಡರೆ ಟವರ್ ಇಲ್ಲದ ಕಡೆಯೂ ಇರುವ ಜಾಗ ಗೊತ್ತಾಗುತ್ತದೆ.
* ಒಟಿಪಿ ಕೇಳಿ ಬರುವ ಕರೆ ಯಾವ ರಾಜ್ಯದ್ದಾದರೂ ಹೇಳಬೇಡಿ.

ಕೊನೆಯದೊಂದು ಲೆಕ್ಕ ಉಳಿದಿದೆ. ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಗಣತಿದಾರರು ಮೊಬೈಲ್‌ನಲ್ಲೇ ವಿವರ ತುಂಬುವ ದೇಶದ ಮೊದಲ ಡಿಜಿಟಲ್ ಗಣತಿ ಅದು. ಆ ಹೊತ್ತಿಗೆ ದೇವದುರ್ಗದ ಅರ್ಧ ಓಣಿಗಳಿಗೆ ಬೀಗ ಬಿದ್ದಿರುತ್ತದೆ, ಹಿಂಡುಗಳು ಗಡಿಯಾಚೆಯ ಹೊಲಗಳಲ್ಲಿರುತ್ತವೆ, ಗುಳೆ ಹೋದವರು ಯುಗಾದಿಗಷ್ಟೇ ತಿರುಗಿ ಬರುತ್ತಾರೆ. ಮನೆ ಇಲ್ಲದವರನ್ನು 2011ರಲ್ಲಿ ಎಣಿಸಿದ್ದು ಫೆಬ್ರುವರಿ 28ರ ಒಂದೇ ರಾತ್ರಿ. ಇವರಿಗೆ ಊರಲ್ಲಿ ಮನೆ ಇದೆ, ಹಾಗಾಗಿ ಆ ಪಟ್ಟಿಗೂ ಪೂರ್ತಿ ಸೇರುವವರಲ್ಲ. ಎಷ್ಟು ಟವರ್, ಎಷ್ಟು ಪಡಿತರ, ಎಷ್ಟು ಟೆಂಟ್ ಶಾಲೆ ಎಂಬ ಮುಂದಿನ ಹತ್ತು ವರ್ಷದ ತೀರ್ಮಾನಗಳಿಗೆ ಆ ಎಣಿಕೆಯೇ ತಳಹದಿ. ರಾಯಚೂರು ಜಿಲ್ಲಾಡಳಿತ ಈಗಲೇ ಪಂಚಾಯಿತಿಗಳಿಂದ ಗುಳೆ ಹೋದವರ, ಕುರಿ ಹೊಡೆದುಕೊಂಡು ಹೋದವರ ಮೊಬೈಲ್ ನಂಬರಿನ ಪಟ್ಟಿ ತರಿಸಿಟ್ಟುಕೊಳ್ಳಲಿ. ಗಣತಿದಾರರು ಬೀಗ ಕಂಡ ಬಾಗಿಲಿನಿಂದ ವಾಪಸು ಹೋಗುವ ಬದಲು ಆ ನಂಬರಿಗೆ ಕರೆ ಮಾಡಲಿ.